ಸಾಲ, ರೈಲು ಮತ್ತು ಒಂದು ಕಿಟಕಿ: ಇಲಿನಾಯ್ ಶಾಸಕ ಅಬ್ರಹಾಂ ಲಿಂಕನ್

ಅಬ್ರಹಾಂ ಲಿಂಕನ್ ಅಮೆರಿಕದ ಅಧ್ಯಕ್ಷನಾಗಿದ್ದದ್ದು ನಾಲ್ಕು ವರ್ಷ ಮತ್ತು ಕೆಲವು ವಾರ. ಇಲಿನಾಯ್ ರಾಜ್ಯದ ಶಾಸಕನಾಗಿದ್ದದ್ದು ಎಂಟು ವರ್ಷ. ಮೊದಲನೆಯದರ ಬಗ್ಗೆ ಗ್ರಂಥಾಲಯಗಳೇ ತುಂಬಿವೆ. ಎರಡನೆಯದನ್ನು ಜೀವನಚರಿತ್ರೆಗಳು ಅವಸರದಲ್ಲಿ ದಾಟಿ ಮುಂದೆ ಸಾಗುತ್ತವೆ. ಅದಕ್ಕೆ ಕಾರಣವೂ ಇದೆ. ಆ ಎಂಟು ವರ್ಷಗಳ ಲಿಂಕನ್ ನಮ್ಮ ಪಠ್ಯಪುಸ್ತಕಗಳ ಮಹಾಪುರುಷನಂತೆ ಕಾಣುವುದಿಲ್ಲ. ತನ್ನ ಊರಿಗೆ ರಾಜಧಾನಿ ತರಲು ಹಗಲಿರುಳು ಓಡಾಡುವ, ರಾಜ್ಯ ತೀರಿಸಲಾಗದಷ್ಟು ಸಾಲಕ್ಕೆ ಕೈ ಎತ್ತುವ, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಮುರಿಯಲು ಕಿಟಕಿಯಿಂದ ಹೊರಕ್ಕೆ ಜಿಗಿಯುವ ಪಕ್ಷದ ಆಳೊಬ್ಬ ಅಲ್ಲಿ ಸಿಗುತ್ತಾನೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಂದು ರಾಜ್ಯದ ರಾಜಕಾರಣ ಹೇಗೆ ನಡೆಯುತ್ತಿತ್ತು, ಅಲ್ಲಿ ಹಣ ಎಲ್ಲಿಂದ ಬರುತ್ತಿತ್ತು, ಹೇಗೆ ಮುಳುಗುತ್ತಿತ್ತು ಎಂದು ತಿಳಿಯಬೇಕಾದರೆ ನೋಡಬೇಕಾದವನು ಈ ಲಿಂಕನ್ನೇ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಆ ಕಾಲದಲ್ಲಿ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ಬಹಳ ಚಿಕ್ಕದು. ಅಂಚೆ, ಸೈನ್ಯ, ಬಂದರು ಸುಂಕ, ಸರ್ಕಾರಿ ಭೂಮಿಯ ಮಾರಾಟ ಬಿಟ್ಟರೆ ಸಾಮಾನ್ಯ ಜನರ ಬದುಕನ್ನು ಅದು ಮುಟ್ಟುತ್ತಿದ್ದದ್ದು ಕಡಿಮೆ. ಒಂದು ರಾಜ್ಯದೊಳಗಿನ ರಸ್ತೆಗೆ ಕೇಂದ್ರದ ಹಣ ಕೊಡುವುದು ಸಂವಿಧಾನಕ್ಕೆ ಒಪ್ಪುವುದೇ ಎಂಬುದೇ ದೊಡ್ಡ ಜಗಳವಾಗಿತ್ತು. 1830ರಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್ ಕೆಂಟಕಿಯ ಮೇಸ್‌ವಿಲ್ ರಸ್ತೆಯ ಮಸೂದೆಯನ್ನು ವೀಟೊ ಮಾಡಿದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಹಾಗಾಗಿ ಕಾಲುವೆ ತೋಡಿಸುವುದು, ರೈಲು ಹಾಕಿಸುವುದು, ಬ್ಯಾಂಕಿಗೆ ಪರವಾನಗಿ ಕೊಡುವುದು ಎಲ್ಲವೂ ರಾಜ್ಯಗಳ ಶಾಸನಸಭೆಗಳ ಪಾಲಿಗೆ ಬಂತು. ನ್ಯೂಯಾರ್ಕ್ ರಾಜ್ಯ ತನ್ನದೇ ಸಾಲದಲ್ಲಿ 363 ಮೈಲಿಯ ಈರಿ ಕಾಲುವೆಯನ್ನು ತೋಡಿಸಿ 1825ರಲ್ಲಿ ಮುಗಿಸಿತ್ತು. ದೋಣಿಗಳ ಸುಂಕದಿಂದಲೇ ಆ ಸಾಲ ತೀರುವ ಲಕ್ಷಣ ಬೇಗನೆ ಕಂಡಿತು. ಆ ಒಂದು ಯಶಸ್ಸು ಉಳಿದ ರಾಜ್ಯಗಳ ತಲೆ ಕೆಡಿಸಿತು ಎಂದರೆ ತಪ್ಪಲ್ಲ. ಕಾಲುವೆಯ ಹಿಂದಿದ್ದ ಗವರ್ನರ್ ಡೆವಿಟ್ ಕ್ಲಿಂಟನ್ ಎಲ್ಲ ಊರಿನ ಮಹತ್ವಾಕಾಂಕ್ಷಿಗಳಿಗೂ ಆದರ್ಶನಾದ. ತಾನು ಇಲಿನಾಯ್ ರಾಜ್ಯದ ಡೆವಿಟ್ ಕ್ಲಿಂಟನ್ ಆಗಬೇಕೆಂದು ಲಿಂಕನ್ ಹೇಳುತ್ತಿದ್ದನೆಂದು ಆಪ್ತ ಗೆಳೆಯ ಜೋಶುವಾ ಸ್ಪೀಡ್ ನೆನಪಿಸಿಕೊಂಡಿದ್ದಾನೆ.

ಇಲಿನಾಯ್ ರಾಜ್ಯವಾದದ್ದು 1818ರಲ್ಲಿ. 1830ರ ಜನಗಣತಿಯಲ್ಲಿ ಅಲ್ಲಿದ್ದವರು ಒಂದು ಲಕ್ಷ ಐವತ್ತೇಳು ಸಾವಿರ ಜನ. ಹತ್ತೇ ವರ್ಷದಲ್ಲಿ ಅದು ನಾಲ್ಕು ಲಕ್ಷ ಎಪ್ಪತ್ತಾರು ಸಾವಿರಕ್ಕೇರಿತು. ಕಪ್ಪು ಮಣ್ಣಿನ ಬಯಲು, ಬೆಳೆಯೋ ಸಮೃದ್ಧ. ಆದರೆ ಬೆಳೆದ ಜೋಳವನ್ನು, ಸಾಕಿದ ಹಂದಿಯನ್ನು ಮಾರುಕಟ್ಟೆಗೆ ಸಾಗಿಸಲು ದಾರಿಯಿಲ್ಲ. ಮಳೆಗಾಲದಲ್ಲಿ ಗಾಡಿಗಳು ಕೆಸರಿನಲ್ಲಿ ಹೂತು ಹೋಗುತ್ತಿದ್ದವು, ಬೇಸಿಗೆಯಲ್ಲಿ ನದಿಗಳಲ್ಲಿ ನೀರಿರುತ್ತಿರಲಿಲ್ಲ. ರಾಜಕಾರಣಿಯೊಬ್ಬ ಮತ ಕೇಳಲು ಹೊರಟರೆ ಬೇರೆ ಯಾವ ವಿಷಯ ಎತ್ತಲಾದೀತು?

1832ರ ಮಾರ್ಚಿನಲ್ಲಿ, ಸ್ಯಾಂಗಮನ್ ನದಿಯ ದಂಡೆಯ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಅಂಗಡಿಯ ಆಳಾಗಿದ್ದ ಇಪ್ಪತ್ತಮೂರರ ತರುಣ ಲಿಂಕನ್ ತಾನೂ ಅಭ್ಯರ್ಥಿ ಎಂದು ಘೋಷಿಸಿದಾಗ ಎತ್ತಿದ್ದೂ ಅದನ್ನೇ. ರೈಲು ಒಳ್ಳೆಯದು, ಆದರೆ ನಮ್ಮ ಕೈಗೆಟುಕುವುದಿಲ್ಲ. ಅದಕ್ಕಿಂತ ಸ್ಯಾಂಗಮನ್ ನದಿಯ ಹೂಳು ತೆಗೆಸಿ ಹಡಗು ಬರುವಂತೆ ಮಾಡೋಣ ಎಂಬುದು ಆತನ ವಾದ. ಈ ಎಚ್ಚರ ಐದು ವರ್ಷಗಳ ನಂತರ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಆಮೇಲೆ ಬರೋಣ. ಆ ಚುನಾವಣೆಯಲ್ಲಿ ಹದಿಮೂರು ಅಭ್ಯರ್ಥಿಗಳಲ್ಲಿ ಆತನಿಗೆ ಎಂಟನೆಯ ಸ್ಥಾನ, ಅಂದರೆ ಸೋಲು. ಆದರೆ ಆತನ ಸ್ವಂತ ಮತಗಟ್ಟೆಯಲ್ಲಿ ಬಿದ್ದ 300 ಮತಗಳಲ್ಲಿ 277 ಆತನಿಗೇ ಬಂದಿದ್ದವು. ಅಂದು ಇಲಿನಾಯ್‌ನಲ್ಲಿ ಗುಪ್ತ ಮತದಾನ ಇರಲಿಲ್ಲ. ಮತದಾರ ಗುಮಾಸ್ತನ ಮುಂದೆ ನಿಂತು ತನ್ನ ಆಯ್ಕೆಯನ್ನು ಗಟ್ಟಿಯಾಗಿ ಹೇಳಬೇಕಿತ್ತು, ಗುಮಾಸ್ತ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಯಾರು ಯಾರ ಕಡೆ ಎಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. ಹಾಗಿದ್ದೂ ಇಷ್ಟು ಮತ ಬಂದಿದೆಯೆಂದರೆ ಊರು ಆತನನ್ನು ಮೆಚ್ಚಿತ್ತು ಎನ್ನಲು ಬೇರೆ ಸಾಕ್ಷಿ ಬೇಡ.

ನಂತರದ ಎರಡು ವರ್ಷ ಕಷ್ಟದವು. ಪಾಲುದಾರನೊಂದಿಗೆ ನಡೆಸಿದ ಅಂಗಡಿ ಮುಳುಗಿತು. ಪಾಲುದಾರ ತೀರಿಕೊಂಡ ಮೇಲೆ ಅವನ ಪಾಲಿನ ಸಾಲವೂ ಲಿಂಕನ್ ತಲೆಗೇ ಬಂತು. ತಮಾಷೆಗೆ ಅದನ್ನು ತನ್ನ ‘ರಾಷ್ಟ್ರೀಯ ಸಾಲ’ ಎಂದು ಕರೆಯುತ್ತಾ ವರ್ಷಗಟ್ಟಲೆ ತೀರಿಸಿದ. ಹೊಟ್ಟೆಪಾಡಿಗೆ ಹಳ್ಳಿಯ ಪೋಸ್ಟ್‌ಮಾಸ್ಟರ್ ಕೆಲಸ, ಅದರ ಜೊತೆಗೆ ಭೂಮಾಪಕನ ಕೆಲಸ. ಇವೆರಡೂ ರಾಜಕಾರಣಿಗೆ ಹೇಳಿ ಮಾಡಿಸಿದಂಥ ಉದ್ಯೋಗಗಳು: ಒಂದರಲ್ಲಿ ಎಲ್ಲರ ಪತ್ರಿಕೆಗಳನ್ನೂ ಓದಬಹುದು, ಇನ್ನೊಂದರಲ್ಲಿ ಎಲ್ಲರ ಹೊಲಗಳನ್ನೂ ಸುತ್ತಬಹುದು. 1834ರ ಆಗಸ್ಟ್‌ನಲ್ಲಿ 1,376 ಮತ ಗಳಿಸಿ, ಹಲವು ಶಾಸಕರನ್ನು ಆರಿಸುವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಘಟಕ) ಎರಡನೆಯ ಸ್ಥಾನ ಪಡೆದು ಗೆದ್ದ. ಎದುರು ಪಕ್ಷದ ಡೆಮಾಕ್ರಟರೂ ಒಂದಿಷ್ಟು ಬೆಂಬಲ ಕೊಟ್ಟಿದ್ದರು. ಶಾಸನಸಭೆಗೆ ಹೋಗಲು ತಕ್ಕ ಬಟ್ಟೆ ಇರಲಿಲ್ಲ. ಪರಿಚಿತನೊಬ್ಬನಿಂದ 200 ಡಾಲರ್ ಸಾಲ ತಂದು ಸೂಟು ಹೊಲಿಸಿಕೊಂಡ.

ರಾಜಧಾನಿ ಆಗ ವ್ಯಾಂಡೇಲಿಯಾ ಎಂಬ ಪುಟ್ಟ ಊರು. ಕೆಳಮನೆಯಲ್ಲಿ 55 ಜನ, ಮೇಲ್ಮನೆಯಲ್ಲಿ 26. ದಿನಭತ್ಯೆ ಮೂರು ಡಾಲರ್. ಅಧಿವೇಶನ ಚಳಿಗಾಲದಲ್ಲಿ ನಡೆಯುತ್ತಿತ್ತು, ಏಕೆಂದರೆ ಬಹುತೇಕ ಶಾಸಕರು ರೈತರು. ಲಿಂಕನ್ ಮೊದಮೊದಲು ಮಂಡಿಸಿದ ಮಸೂದೆಗಳು ಇತಿಹಾಸ ಬರೆಯುವಂಥವಲ್ಲ. ತನ್ನ ಕ್ಷೇತ್ರದ ಒಬ್ಬನಿಗೆ ಸಾಲ್ಟ್ ಕ್ರೀಕ್ ಎಂಬ ಹೊಳೆಯ ಮೇಲೆ ಸುಂಕದ ಸೇತುವೆ ಕಟ್ಟಲು ಅನುಮತಿ ಕೊಡಿಸುವುದು ಅವುಗಳಲ್ಲಿ ಒಂದು. ಶಾಸಕರ ಕೆಲಸದ ಬಹುಪಾಲು ಇಂಥದ್ದೇ. ಸೇತುವೆಗೆ, ಬೀದಿಗೆ, ಕಂಪನಿಗೆ ಒಂದೊಂದಕ್ಕೂ ಪ್ರತ್ಯೇಕ ಕಾಯ್ದೆ ಬೇಕಿದ್ದ ಕಾಲ ಅದು. ಮೊದಲ ಅಧಿವೇಶನದಲ್ಲಿ ಆತ ಹೆಚ್ಚು ಮಾತನಾಡಲಿಲ್ಲ, ನೋಡಿ ಕಲಿತ. ಸಹಶಾಸಕ ಜಾನ್ ಟಾಡ್ ಸ್ಟುವರ್ಟ್ ಕಾನೂನು ಓದಲು ಹುರಿದುಂಬಿಸಿದ, ಪುಸ್ತಕಗಳನ್ನೂ ಕೊಟ್ಟ. 1836ರ ಸೆಪ್ಟೆಂಬರಿನಲ್ಲಿ ಲಿಂಕನ್ ವಕೀಲಿಕೆಯ ಪರವಾನಗಿ ಪಡೆದ. ಆತನ ವೃತ್ತಿಜೀವನದ ಎರಡೂ ಕಾಲುಗಳು ಊರಿದ್ದು ವ್ಯಾಂಡೇಲಿಯಾದ ಆ ಮೊಗಸಾಲೆಗಳಲ್ಲಿಯೇ.

ಅದೇ 1836ರಲ್ಲಿ ಮೂರನೆಯ ಸಲ ಮತ ಕೇಳುವಾಗ ಆತ ಪತ್ರಿಕೆಯಲ್ಲಿ ಪ್ರಕಟಿಸಿದ ಹೇಳಿಕೆ ಕುತೂಹಲದ್ದು. ಸರ್ಕಾರದ ಹೊರೆ ಹೊರುವವರಿಗೆಲ್ಲ ಅದರ ಸೌಲಭ್ಯದಲ್ಲೂ ಪಾಲು ಇರಬೇಕು. ಆದ್ದರಿಂದ ತೆರಿಗೆ ಕಟ್ಟುವ ಅಥವಾ ಆಯುಧ ಹಿಡಿಯುವ ಎಲ್ಲ ಬಿಳಿಯರಿಗೂ, ಹೆಂಗಸರನ್ನು ಹೊರಗಿಡದೆ, ಮತದ ಹಕ್ಕು ಕೊಡಬೇಕು ಎಂದ. ಹೆಂಗಸರ ಮಾತು ಮುಕ್ಕಾಲು ವಿನೋದಕ್ಕಿರಬಹುದು ಎಂದು ನನ್ನ ಅನಿಸಿಕೆ. ಅವರಲ್ಲಿ ಆಯುಧ ಹಿಡಿಯುವವರು ಇರಲಿಲ್ಲ, ಸ್ವಂತ ಹೆಸರಿನಲ್ಲಿ ತೆರಿಗೆ ಕಟ್ಟುವವರೂ ಅಪರೂಪ. ‘ಬಿಳಿಯರು’ ಎಂಬುದು ಮಾತ್ರ ವಿನೋದವಲ್ಲ, ಅದು ಆ ಕಾಲದ ಇಲಿನಾಯ್ ರಾಜಕಾರಣದ ಗೋಡೆ. ಆತ ಅದರ ಒಳಗೇ ನಿಂತು ಮಾತನಾಡುತ್ತಿದ್ದ.

ಈಗ ಮುಖ್ಯ ವಿಷಯಕ್ಕೆ. 1836ರ ಡಿಸೆಂಬರಿನಲ್ಲಿ ಸೇರಿದ ಶಾಸನಸಭೆ ಮುಂದಿನ ಮೂರು ತಿಂಗಳಲ್ಲಿ ಮಾಡಿದ ಕೆಲಸದ ಫಲವನ್ನು ರಾಜ್ಯ ನಾಲ್ಕು ದಶಕ ಉಣ್ಣಬೇಕಾಯಿತು. ಸ್ಯಾಂಗಮನ್ ಕೌಂಟಿ ಆಗ ರಾಜ್ಯದಲ್ಲೇ ದೊಡ್ಡದು. ಏಳು ಜನ ಕೆಳಮನೆಗೆ, ಇಬ್ಬರು ಮೇಲ್ಮನೆಗೆ. ಒಂಬತ್ತೂ ಜನ ಎತ್ತರದವರು. ಎಲ್ಲರ ಎತ್ತರ ಕೂಡಿಸಿದರೆ ಐವತ್ತನಾಲ್ಕು ಅಡಿ ಎಂದು ಜನ ಲೆಕ್ಕ ಹಾಕಿ ‘ಉದ್ದನೆಯ ಒಂಬತ್ತು’ ಎಂದು ಹೆಸರಿಟ್ಟರು. ಆರು ಅಡಿ ನಾಲ್ಕು ಅಂಗುಲದ ಲಿಂಕನ್ ಆ ಗುಂಪಿನ ಮುಂದಾಳು. ಅದೇ ಸಭೆಗೆ ಇಪ್ಪತ್ತಮೂರರ ಸ್ಟೀಫನ್ ಡಗ್ಲಸ್ ಎಂಬ ಕುಳ್ಳ ಡೆಮಾಕ್ರಟನೂ, ಜೇಮ್ಸ್ ಶೀಲ್ಡ್ಸ್ ಎಂಬ ಐರಿಷ್ ಮೂಲದ ವಕೀಲನೂ ಬಂದಿದ್ದರು. ಈ ಇಬ್ಬರೂ ಮುಂದೆ ಲಿಂಕನ್ ದಾರಿಗೆ ಮತ್ತೆ ಮತ್ತೆ ಅಡ್ಡ ಬರುತ್ತಾರೆ.

1837ರ ಫೆಬ್ರವರಿ 27ರಂದು ‘ಆಂತರಿಕ ಅಭಿವೃದ್ಧಿ’ ಕಾಯ್ದೆ ಜಾರಿಗೆ ಬಂತು. ಅದರ ಗಾತ್ರ ಸುಮಾರು ಒಂದು ಕೋಟಿ ಡಾಲರ್. ಉತ್ತರದಿಂದ ದಕ್ಷಿಣಕ್ಕೆ ಇಡೀ ರಾಜ್ಯವನ್ನು ಸೀಳುವ ಮಧ್ಯ ಮಾರ್ಗ, ಅದನ್ನು ಅಡ್ಡಹಾಯುವ ಹಲವು ಮಾರ್ಗಗಳು, ಎಲ್ಲ ಸೇರಿ ಸುಮಾರು 1,300 ಮೈಲಿ ರೈಲು. ಇಡೀ ಅಮೆರಿಕದಲ್ಲಿ ಆಗ ಇದ್ದ ರೈಲುಮಾರ್ಗವೇ ಹೆಚ್ಚುಕಡಿಮೆ ಅಷ್ಟು! ಅದರ ಜೊತೆಗೆ ಐದಾರು ನದಿಗಳ ಹೂಳೆತ್ತುವ ಕೆಲಸ. ರೈಲೂ ಕಾಲುವೆಯೂ ಸಿಗದ ಕೌಂಟಿಗಳು ಮುನಿಸಿಕೊಳ್ಳಬಾರದೆಂದು ಎರಡು ಲಕ್ಷ ಡಾಲರ್ ನಗದು ಹಂಚಿಕೆ. ಮಿಷಿಗನ್ ಸರೋವರವನ್ನು ಇಲಿನಾಯ್ ನದಿಗೆ ಜೋಡಿಸುವ 96 ಮೈಲಿಯ ಕಾಲುವೆಯ ಕೆಲಸ ಹಿಂದಿನ ವರ್ಷವೇ ಶುರುವಾಗಿತ್ತು, ಅದರ ಸಾಲ ಬೇರೆ.

ಇಷ್ಟು ಹಣ ಎಲ್ಲಿಂದ? ತೆರಿಗೆಯಿಂದಲ್ಲ. ಹೊಸ ತೆರಿಗೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಅಲ್ಲದೆ, ರಾಜ್ಯದ ಕೈಯೂ ಕಟ್ಟಿತ್ತು: ಅಲ್ಲಿನ ಭೂಮಿಯ ಬಹುಪಾಲು ಕೇಂದ್ರ ಸರ್ಕಾರದ್ದು, ಕೇಂದ್ರದಿಂದ ಕೊಂಡ ಜಮೀನಿಗೆ ಐದು ವರ್ಷ ರಾಜ್ಯ ತೆರಿಗೆ ಹಾಕುವಂತಿಲ್ಲ ಎಂಬುದು ರಾಜ್ಯ ಹುಟ್ಟುವಾಗಲೇ ಒಪ್ಪಿದ ಷರತ್ತು. ಆದ್ದರಿಂದ ಯೋಜನೆ ಹೀಗಿತ್ತು. ರಾಜ್ಯದ ಹೆಸರಿನಲ್ಲಿ ಬಾಂಡುಗಳನ್ನು, ಅಂದರೆ ಸಾಲಪತ್ರಗಳನ್ನು, ಹೊರಡಿಸಿ ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಮಾರುವುದು. ಆ ಹಣದ ಒಂದು ಭಾಗದಲ್ಲಿ ರಾಜ್ಯದ ಬ್ಯಾಂಕುಗಳ ಷೇರು ಕೊಳ್ಳುವುದು, ಅವುಗಳ ಲಾಭಾಂಶದಿಂದ ಬಾಂಡುಗಳ ಬಡ್ಡಿ ಕಟ್ಟುವುದು. ಉಳಿದದ್ದರಲ್ಲಿ ರೈಲು ಹಾಕುವುದು. ರೈಲು ಬಂದೊಡನೆ ಭೂಮಿಯ ಬೆಲೆ ಏರುತ್ತದೆ, ಜನ ಬರುತ್ತಾರೆ, ಟಿಕೆಟ್ಟಿನ ಹಣ, ಸರಕಿನ ಬಾಡಿಗೆ, ತೆರಿಗೆ ಎಲ್ಲ ಹರಿದು ಬಂದು ಅಸಲೂ ತೀರುತ್ತದೆ. ಕಾಗದದ ಮೇಲೆ ಇದರಲ್ಲಿ ದೋಷ ಹುಡುಕುವುದು ಕಷ್ಟ. ಒಂದಕ್ಕೊಂದು ಆತುಕೊಂಡ ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಎಲ್ಲವೂ ಬೀಳುತ್ತದೆ ಎಂಬುದೇ ದೋಷ.

ಇದಕ್ಕೂ ದೊಡ್ಡ ತಪ್ಪು ಕೆಲಸದ ಕ್ರಮದಲ್ಲಿತ್ತು. ಒಂದು ಮಾರ್ಗವನ್ನು ಮುಗಿಸಿ, ಅದರ ಗಳಿಕೆಯಿಂದ ಮುಂದಿನದಕ್ಕೆ ಹೋಗುವುದು ಬುದ್ಧಿವಂತರ ದಾರಿ. ಆದರೆ ಯಾವ ಊರಿನ ಮಾರ್ಗ ಮೊದಲು? ಈ ಪ್ರಶ್ನೆಗೆ ಉತ್ತರಿಸಿದರೆ ಮಸೂದೆಗೆ ಬಹುಮತ ಉಳಿಯುತ್ತಿರಲಿಲ್ಲ. ಅದಕ್ಕೆ ಎಲ್ಲ ಮಾರ್ಗಗಳ ಕೆಲಸವೂ ಒಟ್ಟಿಗೇ, ಎರಡೂ ತುದಿಗಳಿಂದಲೂ ನದಿ ದಾಟುವ ಜಾಗಗಳಿಂದಲೂ ಏಕಕಾಲಕ್ಕೆ ಶುರುವಾಗಬೇಕು ಎಂದು ಕಾಯ್ದೆಯಲ್ಲೇ ಬರೆದರು. ಪರಿಣಾಮ, ಎಲ್ಲೆಲ್ಲೂ ಅಗೆದ ಮಣ್ಣು, ಎಲ್ಲೂ ಓಡದ ರೈಲು. ಗವರ್ನರ್ ಜೋಸೆಫ್ ಡಂಕನ್ ಮತ್ತು ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಸೇರಿದ ಪರಿಶೀಲನಾ ಮಂಡಳಿ ಈ ಮಸೂದೆಯನ್ನು ಆಕ್ಷೇಪಿಸಿ ಹಿಂದಿರುಗಿಸಿತ್ತು. ಅಂದಿನ ಸಂವಿಧಾನದ ಪ್ರಕಾರ ಅದನ್ನು ಮೀರಲು ಸದಸ್ಯರ ಸರಳ ಬಹುಮತ ಸಾಕಿತ್ತು. ಶಾಸಕರು ಮೀರಿದರು.

ಇದೊಂದು ಪಕ್ಷದ ಹುಚ್ಚಲ್ಲ ಎಂಬುದನ್ನೂ ಹೇಳಬೇಕು. ಲಿಂಕನ್ನನ ವಿಗ್ ಪಕ್ಷ ಸಭೆಯಲ್ಲಿ ಅಲ್ಪಸಂಖ್ಯಾತವಾಗಿತ್ತು. ಡೆಮಾಕ್ರಟರ ಮತವಿಲ್ಲದೆ ಈ ಕಾಯ್ದೆ ಹುಟ್ಟುತ್ತಲೇ ಇರಲಿಲ್ಲ. ಡಗ್ಲಸ್ ಕೂಡ ಬೆಂಬಲಿಸಿದ. ಊರೂರಿನಲ್ಲಿ ಸಭೆಗಳಾಗಿ ಜನರೇ ಒತ್ತಾಯಿಸುತ್ತಿದ್ದರು. ನೆರೆಯ ಇಂಡಿಯಾನಾ ರಾಜ್ಯ ಅದರ ಹಿಂದಿನ ವರ್ಷವೇ ಇಂಥದ್ದೇ ಕಾಯ್ದೆ ಮಾಡಿತ್ತು. 1832ರಲ್ಲಿ ರೈಲು ದುಬಾರಿ ಎಂದ ಲಿಂಕನ್ 1837ರಲ್ಲಿ ಬದಲಾದದ್ದಕ್ಕೆ ಇದೇ ವಿವರಣೆ: ಅಷ್ಟರಲ್ಲಿ ಭೂಮಿಯ ಬೆಲೆ ದಿನಕ್ಕೊಂದರಂತೆ ಏರುತ್ತಿತ್ತು, ಸಾಲ ಕೊಡುವವರು ಬಾಗಿಲಲ್ಲಿ ನಿಂತಿದ್ದರು. ಹಾಗೆಂದು ಆತನನ್ನು ಬಿಟ್ಟುಬಿಡಲಾಗದು. ಹಿಂದೆ ಬಿದ್ದವರಲ್ಲಿ ಅಲ್ಲ, ಮುಂದೆ ನಿಂತವರಲ್ಲಿ ಆತ ಒಬ್ಬ.

ಕಾಯ್ದೆ ಆದ ಮರುದಿನ, ಫೆಬ್ರವರಿ 28ರಂದು, ರಾಜಧಾನಿಯ ಮತದಾನ. ವ್ಯಾಂಡೇಲಿಯಾದ ಇಪ್ಪತ್ತು ವರ್ಷದ ಅವಧಿ ಮುಗಿಯುತ್ತಾ ಬಂದಿತ್ತು. ಗಾಬರಿಗೊಂಡ ಆ ಊರಿನವರು 1836ರಲ್ಲಿ ಅವಸರದಿಂದ ಹೊಸ ಶಾಸನಭವನವನ್ನೇ ಕಟ್ಟಿಸಿದ್ದರು. ಅಧಿವೇಶನ ಸೇರುವಾಗ ಗೋಡೆಯ ಗಾರೆ ಇನ್ನೂ ಒಣಗಿರಲಿಲ್ಲ. ಪಾಪ, ಅದರಿಂದ ಪ್ರಯೋಜನವಾಗಲಿಲ್ಲ. ಒಂದು ಹಂತದಲ್ಲಿ ಸ್ಥಳಾಂತರದ ಮಸೂದೆಯನ್ನು ಬದಿಗೆ ಸರಿಸುವ ನಿರ್ಣಯ ಒಂದೇ ಮತದಿಂದ ಗೆದ್ದಾಗ ಲಿಂಕನ್ ಗುಂಪು ರಾತ್ರೋರಾತ್ರಿ ಶಾಸಕರನ್ನು ಕಂಡು ಮರುದಿನ ಅದನ್ನು ಬದುಕಿಸಿತು. ಕೊನೆಗೆ ನಾಲ್ಕನೆಯ ಸುತ್ತಿನಲ್ಲಿ ಸ್ಯಾಂಗಮನ್ ಕೌಂಟಿಯ ಊರಾದ ಸ್ಪ್ರಿಂಗ್‌ಫೀಲ್ಡ್ 73 ಮತ ಪಡೆದು ಗೆದ್ದಿತು. ವ್ಯಾಂಡೇಲಿಯಾಕ್ಕೆ ಸಿಕ್ಕಿದ್ದು 16. ಗೆದ್ದ ಊರು 50,000 ಡಾಲರ್ ಕೊಡಬೇಕೆಂಬ ಷರತ್ತಿತ್ತು. ಅದರ ಕೊನೆಯ ಕಂತಿಗಾಗಿ ಬ್ಯಾಂಕಿನಿಂದ ತೆಗೆದ ಸಾಲದ ಪತ್ರಕ್ಕೆ ಊರಿನ 101 ಜನ ಸಹಿ ಹಾಕಿದರು. ಲಿಂಕನ್ ಸಹಿಯೂ ಅದರಲ್ಲಿದೆ.

ರೈಲಿಗೆ ಮತ ಕೊಟ್ಟು ರಾಜಧಾನಿಯನ್ನು ಕೊಂಡರು, ಇದೊಂದು ಕೊಡು-ಕೊಳ್ಳುವ ವ್ಯಾಪಾರ ಎಂಬ ಆರೋಪ ಆಗಲೇ ಎದ್ದಿತು. ಮುಂದೆ ಗವರ್ನರ್ ಆದ ಥಾಮಸ್ ಫೋರ್ಡ್ ತಾನು ಬರೆದ ರಾಜ್ಯದ ಇತಿಹಾಸದಲ್ಲಿ ‘ಉದ್ದನೆಯ ಒಂಬತ್ತ’ರ ಮೇಲೆ ಇದನ್ನು ನೇರವಾಗಿಯೇ ಹೊರಿಸಿದ. ಸುಮಾರು ನೂರು ವರ್ಷ ಎಲ್ಲರೂ ಅದನ್ನೇ ನಂಬಿದರು. ಇಪ್ಪತ್ತನೆಯ ಶತಮಾನದಲ್ಲಿ, ಸ್ವತಃ ಇಲಿನಾಯ್ ಶಾಸಕನಾಗಿದ್ದು ಮುಂದೆ ಅಮೆರಿಕದ ಸೆನೆಟರ್ ಆದ ಪಾಲ್ ಸೈಮನ್ ಹಳೆಯ ಮತದಾನದ ದಾಖಲೆಗಳನ್ನು ಕೂತು ತಾಳೆ ನೋಡಿದಾಗ ಅಂಥ ಅಚ್ಚುಕಟ್ಟಾದ ವಿನಿಮಯ ಕಾಣಲಿಲ್ಲ. ರೈಲಿಗೆ ಮತ ಕೊಟ್ಟವರೆಲ್ಲ ಸ್ಪ್ರಿಂಗ್‌ಫೀಲ್ಡ್‌ಗೆ ಕೊಡಲಿಲ್ಲ, ಸ್ಪ್ರಿಂಗ್‌ಫೀಲ್ಡ್‌ಗೆ ಕೊಟ್ಟವರೆಲ್ಲ ರೈಲಿನ ಪರವೂ ಇರಲಿಲ್ಲ. ನನಗೆ ತೋರುವಂತೆ, ಬರೆದಿಟ್ಟ ಒಪ್ಪಂದ ಇರಲಿಲ್ಲವೆಂದ ಮಾತ್ರಕ್ಕೆ ಚೌಕಾಶಿಯೇ ಇರಲಿಲ್ಲ ಎಂದಾಗುವುದಿಲ್ಲ. ಒಂಬತ್ತು ಮತಗಳ ಗಟ್ಟಿ ಗುಂಪೊಂದು ಸಭೆಯಲ್ಲಿ ಇದೆಯೆಂದರೆ ಅದರ ಸ್ನೇಹ ಎಲ್ಲರಿಗೂ ಬೇಕು. ಬಾಯಿಬಿಟ್ಟು ಕೇಳುವ ಅಗತ್ಯವೂ ಬೀಳುವುದಿಲ್ಲ. ತನ್ನ ವರ್ಗದ ಬಗ್ಗೆ ಲಿಂಕನ್ನನಿಗೂ ಭ್ರಮೆ ಇರಲಿಲ್ಲ. ಅದೇ ಜನವರಿಯಲ್ಲಿ ಬ್ಯಾಂಕಿನ ಪರವಾಗಿ ಮಾಡಿದ ಭಾಷಣದಲ್ಲಿ, ರಾಜಕಾರಣಿಗಳು ಒಟ್ಟಾರೆಯಾಗಿ ಪ್ರಾಮಾಣಿಕರಿಂದ ಕನಿಷ್ಠ ಒಂದು ದೊಡ್ಡ ಹೆಜ್ಜೆ ದೂರ ಇರುವವರು ಎಂದ. ನಾನೂ ರಾಜಕಾರಣಿಯಾದ್ದರಿಂದ ಯಾರೂ ಇದನ್ನು ತಮಗೇ ಅಂದದ್ದು ಎಂದುಕೊಳ್ಳಬೇಕಿಲ್ಲ ಎಂದೂ ಸೇರಿಸಿದ.

ರಾಜಧಾನಿಯ ಕೆಲಸ ಕೈಗೂಡಿದ ಮೇಲೆ, ಮಾರ್ಚ್ 3ರಂದು, ಆತ ಇನ್ನೊಂದು ಕೆಲಸ ಮಾಡಿದ. ಜನವರಿಯಲ್ಲಿ ಸಭೆ, ಗುಲಾಮಗಿರಿ ನಿರ್ಮೂಲನ ಸಂಘಗಳನ್ನು ಖಂಡಿಸುವ ನಿರ್ಣಯವನ್ನು 77ಕ್ಕೆ 6 ಮತಗಳಿಂದ ಅಂಗೀಕರಿಸಿತ್ತು. ವಿರೋಧಿಸಿದ ಆರು ಜನರಲ್ಲಿ ಲಿಂಕನ್ ಒಬ್ಬ. ಈಗ ಸಹಶಾಸಕ ಡಾನ್ ಸ್ಟೋನ್ ಜೊತೆ ಸೇರಿ ಲಿಖಿತ ಪ್ರತಿಭಟನೆಯನ್ನು ಕಡತಕ್ಕೆ ಸೇರಿಸಿದ. ಗುಲಾಮಗಿರಿ ಅನ್ಯಾಯದ ಮೇಲೂ ಕೆಟ್ಟ ನೀತಿಯ ಮೇಲೂ ನಿಂತ ವ್ಯವಸ್ಥೆ ಎಂದು ಅದರಲ್ಲಿದೆ. ಅದರ ಬೆನ್ನಿಗೇ, ನಿರ್ಮೂಲನವಾದಿಗಳ ಪ್ರಚಾರದಿಂದ ಅದರ ಕೇಡು ಕಡಿಮೆಯಾಗುವ ಬದಲು ಹೆಚ್ಚುತ್ತದೆ ಎಂದೂ ಇದೆ. ಎಷ್ಟು ಅಳೆದು ತೂಗಿದ ಮಾತು! ರಾಜಧಾನಿಯ ಮತದಾನಕ್ಕೆ ಮೊದಲೇ ಇದನ್ನು ಹೇಳಿದ್ದರೆ ದಕ್ಷಿಣ ಇಲಿನಾಯ್‌ನ ಶಾಸಕರು ಕೈ ಬಿಡುತ್ತಿದ್ದರು ಎಂಬ ಲೆಕ್ಕ ಅದರ ದಿನಾಂಕದಲ್ಲೇ ಕಾಣುತ್ತದೆ. ಆದರೂ ಆರು ಜನರಲ್ಲಿ ನಾಲ್ವರು ಸಹಿ ಹಾಕಲಿಲ್ಲ, ಈತ ಹಾಕಿದ. 1860ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಾಗ ಬರೆದ ಆತ್ಮಕಥನದ ಟಿಪ್ಪಣಿಯಲ್ಲಿ ಈ ಪ್ರತಿಭಟನೆಯನ್ನು ಉಲ್ಲೇಖಿಸಿ, ತನ್ನ ನಿಲುವು ಅಂದೂ ಇಂದೂ ಒಂದೇ ಎಂದ.

ಎರಡೇ ತಿಂಗಳಲ್ಲಿ ಸರಪಳಿಯ ಕೊಂಡಿ ಕಳಚಿತು. 1837ರ ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ತಮ್ಮ ನೋಟುಗಳಿಗೆ ಬದಲಾಗಿ ಚಿನ್ನ ಬೆಳ್ಳಿ ಕೊಡುವುದನ್ನು ನಿಲ್ಲಿಸಿದವು. ದೇಶವೆಲ್ಲ ಆರ್ಥಿಕ ಕುಸಿತ. ಬಾಂಡು ಕೊಳ್ಳುವವರಿಲ್ಲ, ಬ್ಯಾಂಕಿನ ಲಾಭಾಂಶವಿಲ್ಲ, ಭೂಮಿಯ ಬೆಲೆ ನೆಲ ಕಚ್ಚಿತು. ಅಲ್ಲಿಗೆ ನಿಲ್ಲಿಸಿದ್ದರೆ ಸಾಲ ಚಿಕ್ಕದಾಗಿಯೇ ಉಳಿಯುತ್ತಿತ್ತು. ರಾಜ್ಯ ನಿಲ್ಲಿಸಲಿಲ್ಲ; ನಿಲ್ಲಿಸಬೇಡಿ ಎಂದವರಲ್ಲಿ ಲಿಂಕನ್ ಗಟ್ಟಿ ದನಿ. ಕೆಲಸ ಕೈಬಿಡುವುದೆಂದರೆ ನದಿಯ ನಡುವೆ ದೋಣಿ ನಿಲ್ಲಿಸಿದಂತೆ, ಮೇಲಕ್ಕೆ ಹೋಗದಿದ್ದರೆ ಅದು ಕೆಳಕ್ಕೆ ತೇಲುತ್ತದೆ ಎಂಬುದು ಆತನ ವಾದ. ಹಿಡಿದದ್ದನ್ನು ಬಿಡದ ಈ ಗುಣವನ್ನು ಅಂತರ್ಯುದ್ಧದ ಅಧ್ಯಕ್ಷನಲ್ಲಿ ಕಂಡಾಗ ನಾವು ಹೊಗಳುತ್ತೇವೆ. ಇಲ್ಲಿ ಅದೇ ಗುಣ ರಾಜ್ಯಕ್ಕೆ ಮುಳುವಾಯಿತು.

1838ರಲ್ಲಿ ಮೂರನೆಯ ಸಲ ಗೆದ್ದ ಆತ ವಿಗ್ ಪಕ್ಷದ ಪರವಾಗಿ ಸಭಾಧ್ಯಕ್ಷ ಸ್ಥಾನಕ್ಕೆ ನಿಂತು ಸ್ವಲ್ಪದರಲ್ಲಿ ಸೋತ. ಗೆದ್ದವನು ರಾಜಧಾನಿ ಕಳೆದುಕೊಂಡ ವ್ಯಾಂಡೇಲಿಯಾ ಕಡೆಯ ವಿಲಿಯಂ ಯೂಯಿಂಗ್. ಹಣಕಾಸು ಸಮಿತಿಯ ಸದಸ್ಯನಾಗಿ ಲಿಂಕನ್ ಒಂದು ಉಪಾಯ ಮುಂದಿಟ್ಟ: ರಾಜ್ಯದಲ್ಲಿ ಮಾರಾಟವಾಗದೆ ಉಳಿದ ಸುಮಾರು ಎರಡು ಕೋಟಿ ಎಕರೆ ಕೇಂದ್ರದ ಭೂಮಿಯನ್ನು ಎಕರೆಗೆ 25 ಸೆಂಟಿನಂತೆ ಕೊಂಡು 1.25 ಡಾಲರಿಗೆ ಮಾರಿ ಸಾಲ ತೀರಿಸೋಣ. ವಾಷಿಂಗ್ಟನ್ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಲದ ಮೇಲೆ ಸಾಲ ಮಾಡಿ ಲಾಭದಿಂದ ತೀರಿಸುವ ಅದೇ ಹಳೆಯ ಆಸೆ ಇದರಲ್ಲೂ ಇತ್ತು. ತೆರಿಗೆಯ ವಿಷಯದಲ್ಲಿ ಆತ ಹೆಚ್ಚು ನೇರವಾಗಿದ್ದ. 1839ರಲ್ಲಿ ಜಮೀನನ್ನು ಅದರ ನಿಜವಾದ ಬೆಲೆಗೆ ತಕ್ಕಂತೆ ತೆರಿಗೆಗೆ ಒಳಪಡಿಸುವ ಕಾನೂನು ಬಂದಾಗ, ಅದರ ಭಾರ ಬೀಳುವುದು ಬಹುಸಂಖ್ಯೆಯ ಬಡವರ ಮೇಲಲ್ಲ, ಕೆಲವೇ ಶ್ರೀಮಂತರ ಮೇಲೆ ಎಂದು ಸಮರ್ಥಿಸಿ ಪತ್ರ ಬರೆದ. ಆ ಶ್ರೀಮಂತರ ಸಂಖ್ಯೆ ಚುನಾವಣೆ ಬುಡಮೇಲು ಮಾಡುವಷ್ಟಿಲ್ಲ ಎಂಬ ಸಮಾಧಾನವೂ ಆ ಪತ್ರದಲ್ಲೇ ಇದೆ!

ಇನ್ನು ಕಿಟಕಿಯ ಕಥೆ. ಇದು ತಮಾಷೆಯೆಂದೇ ಪ್ರಸಿದ್ಧ, ಆದರೆ ಹಿನ್ನೆಲೆ ಗಂಭೀರದ್ದು. ಆ ಕಾಲದಲ್ಲಿ ಇಡೀ ದೇಶಕ್ಕೆ ಒಂದೇ ಕಾಗದದ ಹಣ ಇರಲಿಲ್ಲ. ಪ್ರತಿ ಬ್ಯಾಂಕೂ ತನ್ನದೇ ನೋಟು ಹೊರಡಿಸುತ್ತಿತ್ತು. ನೋಟು ತಂದವನಿಗೆ ಕೇಳಿದೊಡನೆ ಚಿನ್ನ ಅಥವಾ ಬೆಳ್ಳಿ ಕೊಡಬೇಕು, ತಪ್ಪಿದರೆ ಪರವಾನಗಿಯೇ ಹೋಗುತ್ತದೆ. ಇಲಿನಾಯ್‌ನ ಸ್ಟೇಟ್ ಬ್ಯಾಂಕಿಗೆ ಕುಸಿತದ ಕಾರಣ ಈ ಹೊಣೆಯಿಂದ ತಾತ್ಕಾಲಿಕ ವಿನಾಯಿತಿ ಸಿಕ್ಕಿತ್ತು. ಶಾಸನಸಭೆಯ ಮುಂದಿನ ಅಧಿವೇಶನ ಮುಗಿಯುವ ತನಕ ಮಾತ್ರ. 1840ರ ನವೆಂಬರಿನಲ್ಲಿ ಗವರ್ನರ್ ಎರಡು ವಾರದ ವಿಶೇಷ ಅಧಿವೇಶನ ಕರೆದ. ಅದನ್ನು ಡಿಸೆಂಬರ್ 5ರ ಶನಿವಾರ ವಿಧಿವತ್ತಾಗಿ ಮುಕ್ತಾಯ ಮಾಡಿಬಿಟ್ಟರೆ ವಿನಾಯಿತಿ ಅಲ್ಲಿಗೇ ಕೊನೆ, ಸೋಮವಾರ ಮಾಮೂಲಿ ಅಧಿವೇಶನ ಶುರುವಾಗುವಷ್ಟರಲ್ಲಿ ಬ್ಯಾಂಕು ಇಕ್ಕಟ್ಟಿಗೆ ಸಿಕ್ಕಿರುತ್ತದೆ ಎಂಬುದು ಡೆಮಾಕ್ರಟರ ಲೆಕ್ಕಾಚಾರ. ಮುಕ್ತಾಯದ ನಿರ್ಣಯಕ್ಕೆ ಕೋರಂ ಬೇಕು. ಹಾಗಾಗಿ ವಿಗ್ ಶಾಸಕರು ಸಭೆಗೇ ಬರಲಿಲ್ಲ. ಕೋರಂ ಇಲ್ಲವೆಂದು ದಾಖಲಿಸಲು ಹೆಸರು ಕರೆಸಬೇಕಲ್ಲ, ಅದಕ್ಕೆ ಲಿಂಕನ್ ಮತ್ತು ಇನ್ನಿಬ್ಬರು ಮಾತ್ರ ಒಳಗೆ ಉಳಿದರು.

ಹೊಸ ಶಾಸನಭವನ ಇನ್ನೂ ಮುಗಿಯದ ಕಾರಣ ಸಭೆ ಸೇರುತ್ತಿದ್ದದ್ದು ಸ್ಪ್ರಿಂಗ್‌ಫೀಲ್ಡ್‌ನ ಒಂದು ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ. ಡೆಮಾಕ್ರಟರು ಬಾಗಿಲು ಹಾಕಿಸಿದರು, ಸಭೆಯ ಅಧಿಕಾರಿಯನ್ನು ಕಳಿಸಿ ಊರಿನಲ್ಲಿದ್ದ ಸದಸ್ಯರನ್ನು ಕರೆತರಿಸಿದರು. ಎಣಿಕೆ ಮುಗಿಯುವಾಗ ಕೋರಂ ತುಂಬಿದೆ ಎಂದು ಅರಿವಾದೊಡನೆ ಲಿಂಕನ್ ಮತ್ತು ಜೊತೆಯವರು ಕಿಟಕಿ ತೆರೆದು ಹೊರಕ್ಕೆ ಜಿಗಿದರು. ಆದರೆ ತಡವಾಗಿತ್ತು, ಹಾಜರಿಯಲ್ಲಿ ಅವರ ಹೆಸರು ಆಗಲೇ ಸೇರಿತ್ತು, ನಿರ್ಣಯ ಪಾಸಾಯಿತು. ಡೆಮಾಕ್ರಟರ ಪತ್ರಿಕೆಗೆ ಹಬ್ಬ. ಲಿಂಕನ್ನನಿಗೆ ಪೆಟ್ಟಾಗಲಿಲ್ಲ, ಏಕೆಂದರೆ ಕಿಟಕಿಯಿಂದ ಕಾಲು ಇಳಿಬಿಟ್ಟರೆ ನೆಲ ಮುಟ್ಟುತ್ತಿತ್ತು ಎಂದು ಅದು ಬರೆಯಿತು. ಮುಂದೆ ಯಾರಾದರೂ ಈ ಮಾತೆತ್ತಿದರೆ ಆತನಿಗೆ ಹಿಡಿಸುತ್ತಿರಲಿಲ್ಲವಂತೆ.

ಆ ನಾಲ್ಕನೆಯ ಅವಧಿ ಆತನ ಕೊನೆಯದು. ಆ ಸಲ ಸ್ಯಾಂಗಮನ್‌ನಿಂದ ಗೆದ್ದವರಲ್ಲಿ ಅತಿ ಕಡಿಮೆ ಮತ ಬಂದದ್ದು ಆತನಿಗೇ. 1841ರ ಜನವರಿಯಲ್ಲಿ ಮೇರಿ ಟಾಡ್ ಜೊತೆಗಿನ ನಿಶ್ಚಿತಾರ್ಥ ಮುರಿದು, ಮನಸ್ಸು ಕುಗ್ಗಿ, ಕೆಲವು ದಿನ ಸಭೆಗೂ ಹೋಗಲಿಲ್ಲ. ರಾಜ್ಯದ ಸ್ಥಿತಿಯೂ ಹಾಗೇ ಇತ್ತು. ಬಡ್ಡಿ ಕಟ್ಟಲೆಂದೇ ಹೊಸ ಬಾಂಡು ಹೊರಡಿಸುವ ಸಲಹೆಯನ್ನು ಲಿಂಕನ್ ಮುಂದಿಟ್ಟಿದ್ದ, ಅದರಿಂದೇನೂ ಆಗಲಿಲ್ಲ. 1842ರ ಫೆಬ್ರವರಿಯಲ್ಲಿ ಸ್ಟೇಟ್ ಬ್ಯಾಂಕ್ ಕುಸಿಯಿತು. ರಾಜ್ಯ ಬಡ್ಡಿ ಕಟ್ಟುವುದನ್ನೇ ನಿಲ್ಲಿಸಿತು. ಒಟ್ಟು ಸಾಲ ಒಂದೂವರೆ ಕೋಟಿ ಡಾಲರಿನ ಸುತ್ತಮುತ್ತ, ಅಂದರೆ ಮಕ್ಕಳೂ ಸೇರಿ ತಲೆಗೆ ಮೂವತ್ತು ಡಾಲರ್. ಆ ಹೊತ್ತಿಗೆ ಅಮೆರಿಕದ ಎಂಟು ರಾಜ್ಯಗಳು ಇದೇ ಸ್ಥಿತಿಗೆ ಬಂದಿದ್ದವು. ಮಿಸಿಸಿಪಿಯಂತೂ ಸಾಲವನ್ನೇ ನಿರಾಕರಿಸಿತು. ಇಲಿನಾಯ್ ಹಾಗೆ ಮಾಡಲಿಲ್ಲ. ಅದರ ಶ್ರೇಯಸ್ಸು ಹೆಚ್ಚಾಗಿ ಸಲ್ಲಬೇಕಾದದ್ದು, ‘ಉದ್ದನೆಯ ಒಂಬತ್ತ’ರನ್ನು ದೂರಿದ ಆ ಡೆಮಾಕ್ರಟ್ ಗವರ್ನರ್ ಫೋರ್ಡ್‌ಗೆ.

ಬ್ಯಾಂಕು ಬಿದ್ದ ಮೇಲೆ ರಾಜ್ಯದ ಅಧಿಕಾರಿಗಳು ಅದರ ನೋಟುಗಳನ್ನು ತೆರಿಗೆಗೆ ಸ್ವೀಕರಿಸಕೂಡದೆಂದು ಆಜ್ಞೆ ಹೊರಡಿಸಿದರು. ರೈತನ ಕೈಯಲ್ಲಿದ್ದದ್ದು ಆ ನೋಟುಗಳೇ. ಆಜ್ಞೆಗೆ ಸಹಿ ಹಾಕಿದ್ದ ಲೆಕ್ಕಪರಿಶೋಧಕ ಜೇಮ್ಸ್ ಶೀಲ್ಡ್ಸ್‌ನನ್ನು ‘ರೆಬೆಕ್ಕಾ’ ಎಂಬ ಹಳ್ಳಿಯ ಹೆಂಗಸಿನ ಹೆಸರಿನಲ್ಲಿ ಲಿಂಕನ್ ಪತ್ರಿಕೆಯಲ್ಲಿ ಗೇಲಿ ಮಾಡಿದ. ಶೀಲ್ಡ್ಸ್ ದ್ವಂದ್ವಯುದ್ಧಕ್ಕೆ ಕರೆದ. ಉದ್ದನೆಯ ಕೈಯವನಾದ ಲಿಂಕನ್ ಆಯ್ದದ್ದು ಅಗಲ ಅಲಗಿನ ಕತ್ತಿ. 1842ರ ಸೆಪ್ಟೆಂಬರ್ 22ರಂದು ಮಿಸಿಸಿಪಿ ನದಿ ದಾಟಿ ಹೋದವರು ಮಿತ್ರರ ಮಧ್ಯಸ್ಥಿಕೆಯಿಂದ ಹೊಡೆದಾಡದೆ ಮರಳಿದರು.

ಆ ವರ್ಷ ಲಿಂಕನ್ ಚುನಾವಣೆಗೆ ನಿಲ್ಲಲಿಲ್ಲ. ಮುಂದೆ 1847ರಿಂದ ಎರಡು ವರ್ಷ ವಾಷಿಂಗ್ಟನ್ನಿನ ಕಾಂಗ್ರೆಸ್ಸಿನಲ್ಲಿ ಕುಳಿತು ಬಂದು ವಕೀಲಿಕೆಗೆ ಮರಳಿದ. 1854ರಲ್ಲಿ ಮತ್ತೊಮ್ಮೆ ರಾಜ್ಯ ಶಾಸಕನಾಗಿ ಆಯ್ಕೆಯಾದ, ಕೂಡಲೇ ರಾಜೀನಾಮೆಯನ್ನೂ ಕೊಟ್ಟ. ಅಂದು ಅಮೆರಿಕದ ಸೆನೆಟರುಗಳನ್ನು ಜನ ಆರಿಸುತ್ತಿರಲಿಲ್ಲ, ರಾಜ್ಯಗಳ ಶಾಸನಸಭೆಗಳು ಆರಿಸುತ್ತಿದ್ದವು. ಅಲ್ಲಿ ಸದಸ್ಯನಾಗಿದ್ದವನು ಅಭ್ಯರ್ಥಿಯಾಗುವಂತಿರಲಿಲ್ಲ. ಬಿಟ್ಟ ಸೀಟನ್ನು ಉಪಚುನಾವಣೆಯಲ್ಲಿ ಡೆಮಾಕ್ರಟರು ಗೆದ್ದರು. 1855ರ ಫೆಬ್ರವರಿ 8ರಂದು ಸೆನೆಟ್ ಸ್ಥಾನಕ್ಕಾಗಿ ನಡೆದ ಮೊದಲ ಸುತ್ತಿನಲ್ಲಿ ಲಿಂಕನ್ 44, ಆ ಸ್ಥಾನದಲ್ಲಿದ್ದ ಅದೇ ಶೀಲ್ಡ್ಸ್ 41, ಲೈಮನ್ ಟ್ರಂಬುಲ್ 5. ಟ್ರಂಬುಲ್‌ನ ಐವರು ಕೊನೆಯವರೆಗೂ ಅಲುಗಲಿಲ್ಲ. ಎದುರಾಳಿ ಗೆಲ್ಲುವುದನ್ನು ತಪ್ಪಿಸಲು ಲಿಂಕನ್ ತನ್ನ ಮತಗಳನ್ನು ಆ ಐವರ ಕಡೆಗೇ ತಿರುಗಿಸಿದ. ಹತ್ತನೆಯ ಸುತ್ತಿನಲ್ಲಿ ಟ್ರಂಬುಲ್ ಸೆನೆಟರ್ ಆದ.

1837ರ ಆ ಮಹಾಯೋಜನೆ ಏನಾಯಿತು? ಕಾಲುವೆ ಮಾತ್ರ 1848ರಲ್ಲಿ ಮುಗಿದು, ಷಿಕಾಗೊ ನಗರ ಬೆಳೆಯಲು ನೆರವಾಯಿತು. ರೈಲುಗಳಲ್ಲಿ ಸಿದ್ಧವಾದದ್ದು ಸ್ಪ್ರಿಂಗ್‌ಫೀಲ್ಡ್‌ಗೆ ಬರುವ ಒಂದು ತುಂಡು ಮಾತ್ರ. ಸುಮಾರು ಹತ್ತು ಲಕ್ಷ ಡಾಲರ್ ನುಂಗಿದ ಆ ಮಾರ್ಗವನ್ನು 1847ರಲ್ಲಿ ರಾಜ್ಯ ಸುಮಾರು 21 ಸಾವಿರಕ್ಕೆ ಹರಾಜು ಹಾಕಿತು. ಮುಂದಿನ ವರ್ಷ ಜಾರಿಗೆ ಬಂದ ಹೊಸ ಸಂವಿಧಾನ, ರಾಜ್ಯ ತನ್ನ ಕೊರತೆ ತುಂಬಿಕೊಳ್ಳಲು 50,000 ಡಾಲರಿಗಿಂತ ಹೆಚ್ಚು ಸಾಲ ಮಾಡಬಾರದೆಂದು ಕಟ್ಟಿಹಾಕಿತು. ರಾಜ್ಯವನ್ನು ಸೀಳುವ ಮಧ್ಯ ಮಾರ್ಗ ಕೊನೆಗೂ ಆಯಿತು, ಬೇರೆ ರೀತಿಯಲ್ಲಿ. 1850ರಲ್ಲಿ ಸೆನೆಟರ್ ಡಗ್ಲಸ್ ಕೇಂದ್ರದಿಂದ ಸುಮಾರು 25 ಲಕ್ಷ ಎಕರೆ ಭೂಮಿ ಕೊಡಿಸಿದ. ಖಾಸಗಿಯ ಇಲಿನಾಯ್ ಸೆಂಟ್ರಲ್ ಕಂಪನಿ ಅದನ್ನು ಮಾರಿ, ಅಡವಿಟ್ಟು 1856ರೊಳಗೆ 705 ಮೈಲಿ ಹಾಕಿತು. ಇತರ ತೆರಿಗೆಗಳ ಬದಲಿಗೆ ತನ್ನ ಒಟ್ಟು ಗಳಿಕೆಯ ಶೇಕಡ 7ರಷ್ಟನ್ನು ರಾಜ್ಯಕ್ಕೆ ಕೊಡುವ ಕರಾರು ಅದಕ್ಕಿತ್ತು. ಹಳೆಯ ಸಾಲ 1880ರ ಸುಮಾರಿಗೆ ತೀರಿದ್ದು ಹೀಗೆ ಬಂದ ಹಣದ ನೆರವಿನಿಂದ.

ಕೌಂಟಿಯೊಂದು ತನಗೂ ತೆರಿಗೆ ಬೇಕೆಂದು ಆ ಕಂಪನಿಯ ಮೇಲೆ ಹೋದಾಗ, ಆ ಶೇಕಡ 7ರ ಕರಾರನ್ನು ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸಮರ್ಥಿಸಿ ಗೆದ್ದ ವಕೀಲ ಲಿಂಕನ್. ಶುಲ್ಕ 5,000 ಡಾಲರ್ ಎಂದ. ಕಂಪನಿ ಕೊಡಲಿಲ್ಲ. 1857ರಲ್ಲಿ ಅದರ ಮೇಲೆಯೇ ದಾವೆ ಹೂಡಿ, ಮುಂಗಡವಾಗಿ ಪಡೆದಿದ್ದ 200 ಕಳೆದು, 4,800 ಡಾಲರ್ ವಸೂಲು ಮಾಡಿದ.